ಹೆಪ್ಪುನೆಲದ ಅಪ್ಪಣೆ

ಹಾದಿಯೊಂದು ದೊರೆತೊಡನೆ ಅದು ಹಾಯ್ದುಹೋಗುವ ನಾಡೆಲ್ಲವೂ ತನ್ನದಾಯಿತೆಂದು ಭಾವಿಸುವುದು ಪ್ರವಾಸಿಯ ಹುಟ್ಟುಗುಣ. ಯಂತ್ರವಾಹನವು ಕೈಗೆ ಬಂದ ಮೇಲಂತೂ ಈ ಗುಣವು ಮತ್ತಷ್ಟು ಬಲಿತಿದೆ. ಹಿಂದಿನ ಯಾತ್ರಿಕನು ಹೊಳೆಯ ಕಡವಿನಲ್ಲಿ ಕಾಯುತ್ತಿದ್ದನು. ಊರ ಚಾವಡಿಯಲ್ಲಿ ತಂಗುತ್ತಿದ್ದನು. ಕಾಡಿನಂಚಿನಲ್ಲಿ ದಾರಿ ಬಲ್ಲವರನ್ನು ಕೇಳಿಕೊಂಡು ಮುಂದಕ್ಕೆ ಹೆಜ್ಜೆಯಿಡುತ್ತಿದ್ದನು. ಇಂದಿನವನಿಗೆ ಯಾರನ್ನೂ ಕೇಳಬೇಕಾದ ಪ್ರಮೇಯವಿಲ್ಲ. ಎಣ್ಣೆ ತುಂಬಿಸಿ ಹೊರಟರೆ ಸಂಜೆಯೊಳಗೆ ಮತ್ತೊಂದು ಪ್ರಾಂತವನ್ನು ಸೇರುತ್ತಾನೆ. ಮರಳಿ ಬಂದು ‘ಗೆದ್ದೆನು’ ಎನ್ನುತ್ತಾನೆ. ಆದರೆ ಈ ಮಾತು ನಡೆಯದ ಹಾದಿಗಳು ಭೂಮಿಯ ಮೇಲೆ ಇನ್ನೂ ಕೆಲವು ಉಳಿದಿವೆ. ಅಂಥದೊಂದರಲ್ಲಿ ಒಂದು ಬೇಸಗೆ ನಾವು ಸತಿಪತಿಗಳಿಬ್ಬರು ಒಂದೇ ಮೋಟಾರು ಸೈಕಲ್ಲಿನ ಮೇಲೆ ಪ್ರಯಾಣ ಮಾಡಿದೆವು. ಆ ಹಾದಿಯು ನಮಗೆ ಕಲಿಸಿದುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕೆನಡಾ ದೇಶದ ವಾಯವ್ಯ ಭಾಗದಲ್ಲಿ, ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಡಾಸನ್ ಕ್ರೀಕ್ ಎಂಬ ಊರಿನಿಂದ ಈ ಹಾದಿ ಮೊದಲಾಗುತ್ತದೆ. ಅಲ್ಲಿಂದ ಅಲಾಸ್ಕಾ ಹೆದ್ದಾರಿಯನ್ನು ಹಿಡಿದು ಯೂಕಾನ್ ಪ್ರಾಂತದ ವೈಟ್‌ಹಾರ್ಸಿಗೆ ಸುಮಾರು 1,420 ಕಿಲೋಮೀಟರು. ಅಲ್ಲಿಂದ ಚಿನ್ನದ ಬೇಟೆಗಾರರ ಹಳೆಯ ಪಟ್ಟಣವಾದ ಡಾಸನ್ ಸಿಟಿಯ ಸಮೀಪದ ಕವಲುದಾರಿಯವರೆಗೆ ಮತ್ತೆ ಐನೂರು. ಆ ಕವಲಿನಲ್ಲಿ ಡಾಂಬರು ಮುಗಿದು, ಡೆಂಪ್‌ಸ್ಟರ್ ಹೆದ್ದಾರಿ ಎಂಬ ಜಲ್ಲಿಯ ದಾರಿ ಉತ್ತರಕ್ಕೆ ತಿರುಗುತ್ತದೆ. ಅದು 736 ಕಿಲೋಮೀಟರು ನಡೆದು ಇನುವಿಕ್ ಪಟ್ಟಣವನ್ನು ಮುಟ್ಟುತ್ತದೆ. 2017ನೆಯ ನವೆಂಬರಿನಲ್ಲಿ ತೆರೆದ ಮತ್ತೊಂದು ರಸ್ತೆಯು ಅಲ್ಲಿಂದ 138 ಕಿಲೋಮೀಟರು ಮುಂದುವರಿದು, ಟಕ್ಟೊಯಾಕ್ಟಕ್ ಎಂಬ ಹಳ್ಳಿಯಲ್ಲಿ ಉತ್ತರ ಧ್ರುವಸಾಗರದ ನೀರನ್ನು ತಲಪುತ್ತದೆ. ಎಲ್ಲವೂ ಸೇರಿ ಸುಮಾರು 2,800 ಕಿಲೋಮೀಟರು. ಇಷ್ಟು ದೂರದಲ್ಲಿ ಪಟ್ಟಣವೆನ್ನಬಹುದಾದ ಸ್ಥಳಗಳು ಬೆರಳೆಣಿಕೆಯಷ್ಟೇ. ಉಳಿದುದೆಲ್ಲ ಸ್ಪ್ರೂಸ್ ಮರಗಳ ಕಾಡು, ಸರೋವರ, ಪರ್ವತ, ಕೊನೆಗೆ ಮರವೇ ಇಲ್ಲದ ಟಂಡ್ರಾ ಬಯಲು.

ಮೊದಲ ಭಾಗದ ಹೆದ್ದಾರಿಯು ಪ್ರವಾಸಿಗಳ ವಿಹಾರಕ್ಕಾಗಿ ಹುಟ್ಟಿದುದಲ್ಲ. ಅಂಥದೊಂದು ರಸ್ತೆ ಬೇಕೆಂಬ ಕೂಗು ಬಹುಕಾಲದಿಂದ ಇದ್ದಿತು. 1939ರಲ್ಲಿ ಸ್ಲಿಮ್ ವಿಲಿಯಮ್ಸ್ ಮತ್ತು ಜಾನ್ ಲೋಗನ್ ಎಂಬ ಇಬ್ಬರು ಸಾಹಸಿಗಳು ಆ ಕೂಗಿಗೆ ಬಲ ಕೊಡುವ ಸಲುವಾಗಿಯೇ ಅಲಾಸ್ಕಾದ ಫೇರ್‌ಬ್ಯಾಂಕ್ಸಿನಿಂದ ಸಿಯಾಟಲಿನವರೆಗೆ ದಾರಿಯಿಲ್ಲದ ಅಡವಿಯ ನಡುವೆ ಮೋಟಾರು ಸೈಕಲ್ಲುಗಳನ್ನು ನಡೆಸಿಕೊಂಡು ಬಂದರು. ಆದರೆ ಸರಕಾರಗಳನ್ನು ಎಚ್ಚರಿಸಿದುದು ಯುದ್ಧವೇ. 1941ನೆಯ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಿದ್ದೊಡನೆ, ಅಲಾಸ್ಕಾವನ್ನು ನೆಲದ ಮಾರ್ಗದಿಂದ ಕಾಯಬೇಕೆಂಬ ಚಿಂತೆ ಅಮೆರಿಕಕ್ಕೆ ಹತ್ತಿತು. ಮರುವರ್ಷ ಮಾರ್ಚಿನಲ್ಲಿ ಕೆಲಸವು ಮೊದಲಾಗಿ, ನವೆಂಬರು 20ರಂದು ಹೆದ್ದಾರಿಯ ಪ್ರಾರಂಭೋತ್ಸವವೂ ಆಗಿಹೋಯಿತು. ಸಾರ್ವಜನಿಕರಿಗೆ ಅದು ತೆರೆದುದು 1948ರಲ್ಲಿ.

ಎಂಟು ತಿಂಗಳಲ್ಲಿ ಇಂಥದೊಂದು ರಸ್ತೆಯನ್ನು ಕಡಿದವರು ಹತ್ತು ಸಾವಿರಕ್ಕೂ ಮಿಕ್ಕ ಸೈನಿಕರು. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಪ್ಪು ಜನಾಂಗದವರು. ಆಗಿನ ಅಮೆರಿಕದ ಸೈನ್ಯದಲ್ಲಿ ಬಿಳಿಯರ ದಳವೇ ಬೇರೆ, ಕರಿಯರ ದಳವೇ ಬೇರೆ. ದಕ್ಷಿಣದ ಬಿಸಿಲು ಸೀಮೆಗಳಿಂದ ಬಂದಿದ್ದ ಅನೇಕರು ಗುದ್ದಲಿ ಕೊಡಲಿಗಳನ್ನು ಹಿಡಿದು, ಡೇರೆಗಳಲ್ಲಿ ಮಲಗಿ, ಹೆಪ್ಪುಗಟ್ಟುವ ಚಳಿಯಲ್ಲಿ ದುಡಿದರು. ಅವರ ದುಡಿಮೆಯು ಬಹುಕಾಲ ಚರಿತ್ರೆಯಲ್ಲಿ ಕಾಣಿಸಲಿಲ್ಲ. ರಸ್ತೆಯ ಬದಿಯಲ್ಲಿ ವಾಸವಾಗಿದ್ದ ಮೂಲನಿವಾಸಿಗಳು ತೆತ್ತ ಬೆಲೆ ಇನ್ನೊಂದು ಬಗೆಯದು. ಹೊರಗಿನವರ ದಂಡು ಒಮ್ಮೆಲೇ ಒಳನುಗ್ಗಿದಾಗ, ಟೆಸ್ಲಿನ್ ಮೊದಲಾದ ಊರುಗಳಲ್ಲಿ ದಡಾರವೇ ಮುಂತಾದ ರೋಗಗಳು ಹಬ್ಬಿದುವು. ಅವರ ನೆಲದಲ್ಲಿ ರಸ್ತೆಯನ್ನು ಕಡಿದವರು ಅವರ ಒಪ್ಪಿಗೆಯನ್ನು ಕೇಳಿರಲಿಲ್ಲ.

ನೆಲವನ್ನೂ ಅವರು ಕೇಳಿರಲಿಲ್ಲ. ಆದರೆ ನೆಲವು ಸುಮ್ಮನಿರಲಿಲ್ಲ. ಆ ಸೀಮೆಯಲ್ಲಿ ಮೇಲಣ ಒಂದೆರಡು ಅಡಿ ಮಣ್ಣು ಬೇಸಗೆಯಲ್ಲಿ ಕರಗಿದರೂ, ಕೆಳಗಿನದು ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿಯೇ ಇರುತ್ತದೆ. ಶಾಸ್ತ್ರಜ್ಞರು ಪರ್ಮಾಫ್ರಾಸ್ಟ್ ಎಂದು ಕರೆಯುವ ಇದನ್ನು ನಾವು ಹೆಪ್ಪುನೆಲ ಎನ್ನೋಣ. ಅದರ ಮೇಲೆ ಹಾಸಿದ ಹಾವಸೆಯೂ ಗಿಡಗಂಟಿಯೂ ಕಂಬಳಿಯಂತೆ ಬಿಸಿಲನ್ನು ತಡೆದು ಅದನ್ನು ಕಾಪಾಡುತ್ತವೆ. ಸೈನಿಕರು ಮೊದಲು ತಮಗೆ ತಿಳಿದ ರೀತಿಯಲ್ಲಿ ಯಂತ್ರಗಳಿಂದ ಆ ಕಂಬಳಿಯನ್ನು ಕೆರೆದೆಸೆದರು. ಕೆಳಗಿನ ಮಂಜು ಕರಗಿತು, ಗಟ್ಟಿಯಾಗಿದ್ದ ನೆಲ ಕೆಸರಿನ ಕೆರೆಯಾಯಿತು, ಲಾರಿಗಳು ಹೂತುಹೋದುವು. ಹಾವಸೆಯನ್ನು ಮುಟ್ಟದೆ ಬಿಟ್ಟು, ಅದರ ಮೇಲೆ ಮರದ ದಿಮ್ಮಿಗಳನ್ನು ಒತ್ತಾಗಿ ಜೋಡಿಸಿ, ಅವುಗಳ ಮೇಲೆ ಮಣ್ಣು ಹಾಕಿದರೆ ಮಾತ್ರ ರಸ್ತೆ ನಿಲ್ಲುವುದೆಂಬುದನ್ನು ಅವರು ಕಷ್ಟಪಟ್ಟೇ ಕಲಿಯಬೇಕಾಯಿತು. ಉತ್ತರದಲ್ಲಿ ರಸ್ತೆಯೆಂಬುದು ಹೆಪ್ಪುನೆಲವು ಕೊಟ್ಟ ಅಪ್ಪಣೆ. ಅಪ್ಪಣೆ ತಪ್ಪಿದರೆ ರಸ್ತೆಯಿಲ್ಲ.

ನಮ್ಮ ಪ್ರಯಾಣದ ಮೊದಲ ವಾರವು ಈ ಸೈನಿಕರ ಹಾದಿಯಲ್ಲಿ ಸುಖವಾಗಿಯೇ ಸಾಗಿತು. ಫೋರ್ಟ್ ನೆಲ್ಸನ್ನು ದಾಟಿದ ಮೇಲೆ ರಸ್ತೆಯು ಪರ್ವತಗಳೊಳಗೆ ಹೊಗುತ್ತದೆ. ಮಂಚೋ ಸರೋವರದ ಹಸಿರುನೀಲಿಯನ್ನು ವರ್ಣಿಸುವ ಗೋಜಿಗೆ ನಾವು ಹೋಗುವುದಿಲ್ಲ. ಅದರ ದಡದಲ್ಲಿ ಬೆಟ್ಟದ ಕುರಿಗಳು ಉಪ್ಪಿನಾಸೆಗೆ ಬಂಡೆಯನ್ನು ನೆಕ್ಕುತ್ತ ರಸ್ತೆಯ ಮಧ್ಯದಲ್ಲಿಯೇ ನಿಂತಿದ್ದುವು ಎಂದರೆ ಸಾಕು. ಲಿಯಾರ್ಡ್ ನದಿಯ ಬಳಿಯ ಬಿಸಿನೀರ ಬುಗ್ಗೆಯಲ್ಲಿ ಮೈನೋವನ್ನು ಕಳೆದುಕೊಂಡೆವು. ಅದರಾಚೆಗೆ ಕಾಡುಕೋಣವನ್ನು ಹೋಲುವ ಬೈಸನ್ ಮೃಗಗಳ ಹಿಂಡೊಂದು ದಾರಿಯ ಅಂಚಿನಲ್ಲಿ ಮೇಯುತ್ತಿದ್ದಿತು. ಯಂತ್ರವನ್ನು ನಿಲ್ಲಿಸಿ, ಅವು ತಾವಾಗಿ ಸರಿಯುವ ತನಕ ಅರ್ಧ ಗಂಟೆ ಕಾದೆವು. ವಾಟ್ಸನ್ ಲೇಕಿನಲ್ಲಿ 1942ರಲ್ಲಿ ಮನೆಯ ಹಂಬಲದಿಂದ ಸೈನಿಕನೊಬ್ಬನು ತನ್ನೂರಿನ ಹೆಸರನ್ನೂ ದೂರವನ್ನೂ ಬರೆದು ನೆಟ್ಟ ಒಂದು ಫಲಕವು, ಬಳಿಕ ಬಂದ ಪ್ರವಾಸಿಗಳ ಕೈಯಲ್ಲಿ ಬೆಳೆಬೆಳೆದು ಸಾವಿರಾರು ಊರಫಲಕಗಳ ಕಾಡಾಗಿ ನಿಂತಿದೆ.

ಒಂದೇ ಯಂತ್ರದ ಮೇಲೆ ಇಬ್ಬರು ಹೊರಟಾಗ ಸಾಮಾನಿನ ವಿಚಾರವೇ ಮೊದಲ ಪರೀಕ್ಷೆ. ಡೇರೆ, ಚಳಿಯ ಬಟ್ಟೆ, ಟೈರಿಗೆ ತೇಪೆ ಹಾಕುವ ಸಲಕರಣೆ, ಗಾಳಿಯ ಪಂಪು, ಮಿಗಿಲು ಎಣ್ಣೆಯ ಡಬ್ಬಿ, ಕರಡಿಯನ್ನು ಬೆದರಿಸುವ ಮೆಣಸಿನ ಪಿಚಕಾರಿ, ಸೊಳ್ಳೆಪರದೆ, ಹತ್ತು ದಿನದ ಅವಲಕ್ಕಿ ಮತ್ತು ಚಟ್ನಿಪುಡಿ. ಇದಿಷ್ಟು ಹೇರಿದ ಮೇಲೆ ಒಬ್ಬರ ಬಯಕೆಗೆಂದು ಒಂದು ಪುಸ್ತಕವನ್ನು ಸೇರಿಸಿದರೆ ಇನ್ನೊಬ್ಬರ ಬಟ್ಟೆಯೊಂದನ್ನು ತೆಗೆಯಬೇಕು. ಸರದಿಯ ಮೇಲೆ ಒಬ್ಬರು ಹ್ಯಾಂಡಲು ಹಿಡಿಯುವುದು, ಇನ್ನೊಬ್ಬರು ಹಿಂದೆ ಕುಳಿತು ದಾರಿಯನ್ನೂ ಮುಗಿಲನ್ನೂ ನೋಡುವುದು ನಮ್ಮ ಕ್ರಮ. ಮುಂದೆ ಕುಳಿತವರಿಗೆ ವೇಗದ ಉತ್ಸಾಹ. ಹಿಂದೆ ಕುಳಿತವರಿಗೆ ಅದೇ ವೇಗದ ಭಯ. ಆದುದರಿಂದ ಹೊರಡುವ ಮೊದಲೇ ಒಂದು ಕಟ್ಟಳೆಯನ್ನು ಮಾಡಿಕೊಂಡಿದ್ದೆವು: ಇಬ್ಬರಲ್ಲಿ ಯಾರೊಬ್ಬರು ‘ಸಾಕು’ ಎಂದರೂ ಗಾಡಿಯು ಹಿಂದಕ್ಕೆ ತಿರುಗಬೇಕು, ಮತ್ತೊಬ್ಬರು ಒತ್ತಾಯಿಸಕೂಡದು, ಕಾರಣವನ್ನೂ ಕೇಳಕೂಡದು. ಮನೆಯಲ್ಲಿ ಕುಳಿತು ಮಾಡಿದಾಗ ಇದು ಬಲು ಸುಲಭವಾದ ಕಟ್ಟಳೆಯಾಗಿ ತೋರಿತ್ತು.

ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ನಿಜವಾದ ಉತ್ತರವು ಆರಂಭವಾಗುತ್ತದೆ. 1959ರಲ್ಲಿ ಕೈಗೆತ್ತಿಕೊಂಡ ಈ ರಸ್ತೆಯನ್ನು ಮುಗಿಸಲು ಇಪ್ಪತ್ತು ವರ್ಷಗಳೇ ಬೇಕಾದುವು. ನೆಲದ ಕಂಬಳಿಯನ್ನು ಕೆರೆಯದೆ, ಅದರ ಮೇಲೆ ನಾಲ್ಕರಿಂದ ಎಂಟು ಅಡಿ ದಪ್ಪಕ್ಕೆ ಜಲ್ಲಿಯನ್ನು ಸುರಿದು ಕಟ್ಟಿದ ದಿಬ್ಬವೇ ಈ ಹೆದ್ದಾರಿ. ಕವಲಿನಿಂದ ಹೊರಟರೆ 369ನೆಯ ಕಿಲೋಮೀಟರಿನ ಈಗಲ್ ಪ್ಲೇನ್ಸಿನ ತಂಗುದಾಣದವರೆಗೆ ಎಣ್ಣೆ ಸಿಗುವುದಿಲ್ಲ. ನಡುವೆ ಬರುವ ಟೂಂಬ್‌ಸ್ಟೋನ್ ಪರ್ವತಗಳ ಕಪ್ಪು ಕೋಡುಗಲ್ಲುಗಳ ಕಣಿವೆಯು ಸಂರಕ್ಷಿತ ವನವಾಗಿದೆ. ಆ ನೆಲದ ಟ್ರೋಂಡೆಕ್ ಹ್ವೆಚಿನ್ ಜನರೊಡನೆ 1998ರಲ್ಲಿ ಆದ ಒಡಂಬಡಿಕೆಯ ಫಲವದು. ಅಲ್ಲಿಂದ ಮುಂದಕ್ಕೆ ಮರಗಳು ಗಿಡ್ಡವಾಗುತ್ತ, ವಿರಳವಾಗುತ್ತ, ಕುಡಿದವರಂತೆ ಅತ್ತಿತ್ತ ವಾಲಿ ನಿಲ್ಲುತ್ತವೆ. ಕೆಳಗಿನ ಹೆಪ್ಪು ಅಲುಗಿದರೆ ಬೇರು ಸಡಿಲಿ ಮರವು ವಾಲುವುದಂತೆ.

ರಸ್ತೆಯಲ್ಲಿ ಧೂಳು ಏಳದಿರಲೆಂದು ಕ್ಯಾಲ್ಸಿಯಂ ಕ್ಲೋರೈಡು ಎಂಬ ಲವಣವನ್ನು ಬೆರೆಸುವರು. ಬಿಸಿಲಿನಲ್ಲಿ ಅದು ರಸ್ತೆಯನ್ನು ಗಾರೆಯ ನೆಲದಂತೆ ಬಿಗಿಮಾಡುತ್ತದೆ; ಮಳೆ ಬಂದರೆ ಅದೇ ರಸ್ತೆಯು ಸಾಬೂನು ಬಳಿದಂತೆ ಜಾರುತ್ತದೆ. ಈಗಲ್ ಪ್ಲೇನ್ಸಿನಲ್ಲಿ ಮಳೆಯು ನಮ್ಮನ್ನು ಎರಡು ದಿನ ಕಟ್ಟಿಹಾಕಿತು. ಮೂರನೆಯ ಮುಂಜಾನೆ ಹೊಳವಾಯಿತು. ರಸ್ತೆಯನ್ನು ಬಲ್ಲ ಲಾರಿಯವರು ಹೊರಟರು. ಅವರ ಹಿಂದೆ ನಾವೂ ಹೊರಟೆವು. 405ನೆಯ ಕಿಲೋಮೀಟರಿನಲ್ಲಿ ಧ್ರುವವೃತ್ತದ ಫಲಕ. ಬೇಸಗೆಯ ನಡುವೆ ಸೂರ್ಯನು ಮುಳುಗದ ಸೀಮೆಯ ಹೊಸ್ತಿಲದು.

ಹೊಸ್ತಿಲು ದಾಟಿ ಮೂವತ್ತೈದು ಕಿಲೋಮೀಟರು ಹೋಗುವಷ್ಟರಲ್ಲಿ, ರಿಚರ್ಡ್‌ಸನ್ ಪರ್ವತಗಳ ಏರಿನಲ್ಲಿ, ಒಂದು ತಿರುವಿನ ಹಸಿ ಮಣ್ಣಿನಲ್ಲಿ ಹಿಂದಿನ ಚಕ್ರವು ಪಕ್ಕಕ್ಕೆ ಜಾರಿ ಯಂತ್ರವು ನೆಲಕ್ಕೊರಗಿತು. ವೇಗವು ಇರಲಿಲ್ಲ, ಆದರೆ ಭಾರವಿತ್ತು. ನಮ್ಮಲ್ಲೊಬ್ಬರ ಬಲಗಾಲು ಸಾಮಾನಿನ ಪೆಟ್ಟಿಗೆಯ ಕೆಳಗೆ ಸಿಕ್ಕಿ ಹರಡು ಉಳುಕಿತು. ಹಿಂದಕ್ಕೆ ಈಗಲ್ ಪ್ಲೇನ್ಸು ಎಪ್ಪತ್ತು ಕಿಲೋಮೀಟರು. ಮುಂದಕ್ಕೆ ಫೋರ್ಟ್ ಮ್ಯಾಕ್‌ಫರ್ಸನ್ನು ನೂರ ಹತ್ತು. ಸುತ್ತಲೂ ಗಾಳಿಯ ಸದ್ದಿನ ಹೊರತು ಮತ್ತಾವ ಸದ್ದೂ ಇಲ್ಲ. ಕಾಲುಗಂಟೆಯೊಳಗೆ ಉತ್ತರದ ಕಡೆಯಿಂದ ಲಾರಿಯೊಂದು ಬಂದಿತು. ಚಾಲಕನು ಕೆಳಗಿಳಿದು, ಏನಾಯಿತೆಂದು ಕೇಳುವ ಮೊದಲೇ ಕಾಲನ್ನು ನೋಡಿದನು. ಯಂತ್ರವನ್ನು ಎತ್ತಿ ನಿಲ್ಲಿಸಿದನು. ಬಿಸಿ ಚಹವನ್ನು ಸುರಿದು ಕೊಟ್ಟನು. ಕಣಿವೆಯಾಚೆಗೆ ರಸ್ತೆಯು ಒಣಗಿದೆಯೆಂದು ತಿಳಿಸಿ, ಹಿಂದೆ ಬರುವವರಿಗೆ ತನ್ನ ರೇಡಿಯೋದಲ್ಲಿ ನಮ್ಮ ಸುದ್ದಿಯನ್ನು ಮುಟ್ಟಿಸಿದನು. ಆ ಹಾದಿಯಲ್ಲಿ ನಿಂತ ಗಾಡಿಯನ್ನು ಕಂಡು ನಿಲ್ಲದೆ ಹೋಗುವ ವಾಡಿಕೆ ಇಲ್ಲ.

ಅವನು ಹೊರಟುಹೋದ ಮೇಲೆ ನಮ್ಮ ಕಟ್ಟಳೆಯ ಪರೀಕ್ಷೆ ಆರಂಭವಾಯಿತು. ಪೆಟ್ಟು ಬಿದ್ದವರು ಮಾತಾಡಲಿಲ್ಲ. ಪೆಟ್ಟು ಬೀಳದವರು ಮಾತಾಡುವಂತಿರಲಿಲ್ಲ. ಮೂರು ವರ್ಷಗಳಿಂದ ಕೂಡಿಟ್ಟ ಹಣ, ರಜೆ, ಮನಸ್ಸಿನ ಬಯಕೆ, ಎಲ್ಲವೂ ಒಂದು ಮಾತಿನ ಮೇಲೆ ನಿಂತಿದ್ದುವು. ‘ಇಷ್ಟು ದೂರ ಬಂದಿದ್ದೇವಲ್ಲ’ ಎಂಬುದಕ್ಕಿಂತ ದೊಡ್ಡ ಒತ್ತಾಯವು ಬೇರೊಂದಿಲ್ಲ. ಅದನ್ನು ನುಂಗಿಕೊಂಡಿರುವುದು ಆ ದಿನದ ಕಠಿಣವಾದ ಕೆಲಸವಾಗಿತ್ತು. ಅರ್ಧ ಗಂಟೆಯ ನಂತರ ಉತ್ತರವು ಬಂದಿತು: ‘ಮ್ಯಾಕ್‌ಫರ್ಸನ್ನಿನ ತನಕ ಹೋಗೋಣ. ಅಲ್ಲಿ ನನ್ನನ್ನು ಮತ್ತೊಮ್ಮೆ ಕೇಳಬೇಕು.’ ಒಮ್ಮೆ ಪಡೆದ ಒಪ್ಪಿಗೆಯು ಕಡೆಯವರೆಗಿನ ಒಪ್ಪಿಗೆಯಲ್ಲವೆಂಬುದು ನಮಗೆ ಸ್ಪಷ್ಟವಾದುದು ಆ ತಿರುವಿನಲ್ಲಿ.

ಆ ಹಾದಿಯ ಹೆಸರಿನ ಹಿಂದೆಯೂ ಇದೇ ಪಾಠವಿದೆ. 1910ರ ಡಿಸೆಂಬರಿನಲ್ಲಿ ಇನ್‌ಸ್ಪೆಕ್ಟರ್ ಫಿಟ್ಸ್‌ಜೆರಾಲ್ಡನೂ ಮತ್ತೆ ಮೂವರೂ ಪೋಲೀಸರ ಟಪಾಲನ್ನು ನಾಯಿಬಂಡಿಗಳಲ್ಲಿ ಹೇರಿಕೊಂಡು ಫೋರ್ಟ್ ಮ್ಯಾಕ್‌ಫರ್ಸನ್ನಿನಿಂದ ಡಾಸನ್ನಿಗೆ ಹೊರಟರು. ಆ ನಾಡಿನ ಗ್ವಿಚಿನ್ ಜನರಲ್ಲೊಬ್ಬನು ಕೆಲವು ದಿನ ದಾರಿ ತೋರಿಸಿದನು. ಬಳಿಕ ಅವನನ್ನು ಹಿಂದಕ್ಕೆ ಕಳುಹಿಸಿಬಿಟ್ಟರು. ಮುಂದೆ ತಿರುಗಬೇಕಾದ ತೊರೆಯು ಅವರಿಗೆ ಸಿಕ್ಕಲಿಲ್ಲ. ಹುಡುಕುವುದರಲ್ಲಿಯೇ ದಿನಗಳು ಕಳೆದುವು, ಆಹಾರವು ತೀರಿತು, ಹಿಂದಿರುಗುವ ಹಾದಿಯಲ್ಲಿ ಎಳೆಯುವ ನಾಯಿಗಳನ್ನೇ ಕೊಂದು ತಿನ್ನಬೇಕಾಯಿತು. ಹುಡುಕಿಕೊಂಡು ಹೋದ ಡೆಂಪ್‌ಸ್ಟರನಿಗೆ 1911ರ ಮಾರ್ಚಿನಲ್ಲಿ ದೊರೆತುದು ನಾಲ್ವರ ಹೆಣಗಳು. ಹೊರಟ ಊರಿಗೆ ಅವು ಹೆಚ್ಚು ದೂರವೂ ಇರಲಿಲ್ಲ. ಫೋರ್ಟ್ ಮ್ಯಾಕ್‌ಫರ್ಸನ್ನಿನ ಇಗರ್ಜಿಯ ಅಂಗಳದಲ್ಲಿ ಅವರ ಸಮಾಧಿಯಿದೆ. ಧೈರ್ಯದಲ್ಲಿ ಅವರಿಗೆ ಕೊರತೆಯಿರಲಿಲ್ಲ. ಕೊರತೆಯಾದುದು ದಾರಿಯನ್ನು ಬಲ್ಲವರ ಸಂಗಡ.

ಕಾಲು ಇಳಿಯುವ ತನಕ ಆ ಊರಿನಲ್ಲಿ ನಾಲ್ಕು ದಿನ ಉಳಿದೆವು. ಗ್ವಿಚಿನ್ ಮುದುಕಿಯೊಬ್ಬರು ತಮ್ಮ ಒಲೆಯ ಮೇಲಿನ ಒಣಮೀನನ್ನು ಮುಂದಿಟ್ಟರು. ನಾವು ಮೀನು ಮುಟ್ಟುವವರಲ್ಲವೆಂದು ತಿಳಿದಾಗ ಮುನಿಯದೆ, ನಕ್ಕು, ಕಾಡಿನ ಹಣ್ಣುಗಳನ್ನು ತಂದುಕೊಟ್ಟರು. ನಾವು ಕೊಟ್ಟ ಚಟ್ನಿಪುಡಿಯನ್ನು ನಾಲಗೆಗೆ ಹಚ್ಚಿ ಕಣ್ಣೊರೆಸಿಕೊಂಡರು. ರಸ್ತೆ ಬಂದುದು ಒಳ್ಳೆಯದಾಯಿತೇ ಎಂದು ಕೇಳಿದೆವು. ಆಸ್ಪತ್ರೆಗೆ ಹೋಗಲು ಒಳ್ಳೆಯದು, ಕ್ಯಾರಿಬೂ ಜಿಂಕೆಗಳಿಗೆ ಅಷ್ಟು ಒಳ್ಳೆಯದಲ್ಲ ಎಂದರು. ಪೋರ್ಕುಪೈನ್ ಹಿಂಡು ಎಂದು ಹೆಸರಾದ ಆ ಜಿಂಕೆಗಳನ್ನೇ ನಂಬಿ ಬಾಳಿಬಂದವರ ಬಾಯಲ್ಲಿ ಇದು ಸಣ್ಣ ಮಾತಲ್ಲ.

ಕೇಳುವುದನ್ನು ಸರಕಾರವೂ ತಡವಾಗಿಯಾದರೂ ಕಲಿತುದು ಇದೇ ಸೀಮೆಯಲ್ಲಿ. ಮೆಕೆಂಜಿ ನದಿಯ ಕಣಿವೆಯಲ್ಲಿ ಅನಿಲದ ಕೊಳವೆಯನ್ನು ಹಾಕುವ ಯೋಜನೆಯು ಬಂದಾಗ, 1974ರಲ್ಲಿ ನೇಮಕಗೊಂಡ ನ್ಯಾಯಾಧೀಶ ಥಾಮಸ್ ಬರ್ಗರರು ರಾಜಧಾನಿಯಲ್ಲಿ ಕೂಡದೆ ಹಳ್ಳಿಹಳ್ಳಿಗೂ ಹೋಗಿ, ಬೇಟೆಗಾರರ, ಮುದುಕಿಯರ ಮಾತುಗಳನ್ನು ಅವರವರ ಭಾಷೆಯಲ್ಲಿಯೇ ಕೇಳಿಸಿಕೊಂಡರು. 1977ರ ಅವರ ವರದಿಯು, ಈ ಜನರ ಭೂಮಿಯ ಹಕ್ಕು ತೀರ್ಮಾನವಾಗುವ ತನಕ ಹತ್ತು ವರ್ಷ ಕಣಿವೆಯಲ್ಲಿ ಕೊಳವೆ ಕೂಡದೆಂದಿತು. ಬಳಿಕ 1984ರಲ್ಲಿ ಇನುವಿಯಾಲುಯಿಟ್ ಜನರೊಡನೆ, 1992ರಲ್ಲಿ ಗ್ವಿಚಿನ್ನರೊಡನೆ ಒಡಂಬಡಿಕೆಗಳಾದುವು. ಹಳೆಯ ಅನ್ಯಾಯವೆಲ್ಲವೂ ಇದರಿಂದ ಅಳಿಯಿತೆಂದು ಯಾರೂ ಹೇಳಲಾರರು. ಆದರೂ 1942ರಲ್ಲಿ ಯಾರನ್ನೂ ಕೇಳದೆ ರಸ್ತೆ ಕಡಿದುದಕ್ಕೂ, ಇದಕ್ಕೂ ಇರುವ ಅಂತರವು ಅಲ್ಪವಲ್ಲ.

ನಾಲ್ಕನೆಯ ದಿನ ಮತ್ತೆ ಕೇಳಿದೆವು, ಒಪ್ಪಿಗೆಯು ದೊರೆಯಿತು. ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ಸೇತುವೆಯಿಲ್ಲದ ಹೊಳೆಗಳು ಎರಡು: ಮ್ಯಾಕ್‌ಫರ್ಸನ್ನಿಗೆ ಮೊದಲು ಪೀಲ್, ಆಮೇಲೆ ಮೆಕೆಂಜಿ. ಬೇಸಗೆಯಲ್ಲಿ ಗಾಡಿಗಳನ್ನು ದೋಣಿಯು ದಾಟಿಸುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹೊಳೆಯೇ ಸೇತುವೆ. ನೀರು ಹೆಪ್ಪುಗಟ್ಟುವಾಗ ಹಾಗೂ ಹೆಪ್ಪು ಒಡೆಯುವಾಗ ಕೆಲವು ವಾರ ಯಾರೂ ದಾಟುವಂತಿಲ್ಲ. ಸಾಮಾನು ಬೆಲೆಯೇರುತ್ತದೆ; ಊರು ತಾಳಿಕೊಂಡಿರುತ್ತದೆ.

ಇನುವಿಕ್ಕಿನಿಂದ ಕಡಲಿಗೆ ಹೋಗುವ ಹೊಸ ರಸ್ತೆಯನ್ನು ಹೆಚ್ಚಾಗಿ ಚಳಿಗಾಲದಲ್ಲಿಯೇ, ನೆಲವು ಗಟ್ಟಿಯಾಗಿರುವಾಗ, ಟಂಡ್ರಾವನ್ನು ಎಲ್ಲಿಯೂ ಅಗೆಯದೆ, ಅದರ ಮೇಲೆ ಬಟ್ಟೆಯಂಥ ಹಾಸನ್ನು ಹಾಸಿ, ಮೇಲೆ ಜಲ್ಲಿ ಸುರಿದು ಕಟ್ಟಿದರು. ದಾರಿಯ ಕೊನೆಯಲ್ಲಿ ಪಿಂಗೋಗಳೆಂಬ, ಒಡಲಲ್ಲಿ ಮಂಜನ್ನಿಟ್ಟುಕೊಂಡ ಗುಡ್ಡಗಳು ಬಯಲಿನಿಂದ ಮೇಲೆದ್ದಿವೆ. ಅವುಗಳಲ್ಲಿ ದೊಡ್ಡದಾದ ಇಬ್ಯುಕ್ 49 ಮೀಟರು ಎತ್ತರ. ಅದರಾಚೆಗೆ ಟಕ್ಟೊಯಾಕ್ಟಕ್, ಅದರಾಚೆಗೆ ಬೂದುಬಣ್ಣದ ಸಾಗರ. ನಾವು ಕಾಲಿನ ಪಾದರಕ್ಷೆ ಬಿಚ್ಚಿ ನೀರಿಗಿಳಿದೆವು. ಉಳುಕಿದ ಹರಡಿಗೆ ಆ ತಣ್ಪಿಗಿಂತ ಒಳ್ಳೆಯ ಔಷಧವು ಎಲ್ಲಿಯೂ ಸಿಕ್ಕಿರಲಿಲ್ಲ.

ಆದರೆ ಆ ಹಳ್ಳಿಯ ದಡದಲ್ಲಿ ಸಂತೋಷವೊಂದನ್ನೇ ತುಂಬಿಕೊಂಡು ಬರುವುದು ಸಾಧ್ಯವಿಲ್ಲ. ಧ್ರುವಪ್ರದೇಶವು ಭೂಮಿಯ ಸರಾಸರಿಗಿಂತ ಎರಡು ಪಟ್ಟಿಗೂ ಮಿಕ್ಕ ವೇಗದಲ್ಲಿ ಬೆಚ್ಚಗಾಗುತ್ತಿದೆ. ದಡಕ್ಕೆ ಕಾವಲಾಗಿದ್ದ ಸಮುದ್ರದ ಮಂಜು ವರ್ಷದಲ್ಲಿ ಹೆಚ್ಚು ಕಾಲ ದೂರವಿರುತ್ತದೆ; ಅಲೆಗಳು ಬಡಿಯುತ್ತವೆ; ದಡವನ್ನು ಹಿಡಿದಿದ್ದ ಹೆಪ್ಪುನೆಲವು ಕರಗಿ ಕುಸಿಯುತ್ತದೆ. ಕಡಲಂಚಿನ ಕೆಲವು ಮನೆಗಳನ್ನು ಎತ್ತಿ ಒಳನಾಡಿಗೆ ಸರಿಸಬೇಕಾಗಿ ಬಂದಿದೆ. ಡೆಂಪ್‌ಸ್ಟರ್ ಹೆದ್ದಾರಿಯ ದಿಬ್ಬವೂ ಅಲ್ಲಲ್ಲಿ ಕುಸಿಯುತ್ತ, ಮತ್ತೆ ಮತ್ತೆ ದುರಸ್ತಾಗುತ್ತಿದೆ. ಈ ಕಾವನ್ನು ಹೊತ್ತಿಸಿದವರು ಆ ಹಳ್ಳಿಯ ಒಂಬೈನೂರು ಚಿಲ್ಲರೆ ಜನರಲ್ಲವೆಂಬುದು ನಿಸ್ಸಂಶಯ. ಎಣ್ಣೆ ಸುಡುವ ಯಂತ್ರದ ಮೇಲೆ ಕುಳಿತು ಅಲ್ಲಿಗೆ ಹೋಗುವ ಯಾರೂ ಇದರಲ್ಲಿ ತಮಗೆ ಪಾಲಿಲ್ಲವೆನ್ನಲಾರರು. ದೂರದ ನಾವೆಲ್ಲರೂ, ಕೇಳದೆಯೇ, ಅವರ ನೆಲದ ಬುಡಕ್ಕೆ ಕೈಯಿಕ್ಕಿದ್ದೇವೆ.

ಇಷ್ಟನ್ನು ಹೇಳಿದುದರಿಂದ ಅಲ್ಲಿಗೆ ಯಾರೂ ಹೋಗಬಾರದೆಂಬುದು ನಮ್ಮ ಅಭಿಪ್ರಾಯವೆಂದು ವಾಚಕರು ತಿಳಿಯಬಾರದು. ಶಕ್ತಿಯೂ ಅವಕಾಶವೂ ಉಳ್ಳ ತರುಣ ದಂಪತಿಗಳು ದೂರದ ನಾಡುಗಳನ್ನು ನೋಡಿ ಬರುವುದು ಶ್ಲಾಘ್ಯವೇ ಸರಿ. ಹೋಗುವವರು ಯಂತ್ರದ ಬಲದ ಜತೆಗೆ ಕಾಯುವ ತಾಳ್ಮೆಯನ್ನೂ ಕಟ್ಟಿಕೊಂಡು ಹೋಗಲಿ: ಮಳೆ ನಿಲ್ಲುವ ತನಕ, ಮೃಗವು ಸರಿಯುವ ತನಕ, ದೋಣಿಯು ಬರುವ ತನಕ, ಹಿಂದೆ ಕುಳಿತವರು ‘ಆಗಲಿ’ ಎನ್ನುವ ತನಕ. ಹಾದಿಯನ್ನು ಕಟ್ಟಿದವರ ಹೆಸರನ್ನು ಕೇಳಿ ತಿಳಿಯಲಿ. ಆ ನೆಲದವರು ಅದನ್ನು ತಮ್ಮ ಮಾತಿನಲ್ಲಿ ಏನೆಂದು ಕರೆಯುವರೆಂಬುದನ್ನೂ ತಿಳಿಯಲಿ. ಬೇಡವೆಂದ ಕಡೆಯಲ್ಲಿ ಹಿಂದಿರುಗಲು ನಾಚದಿರಲಿ. ಅಂಥವರಿಗೆ ಉತ್ತರವು ಇಂದಿಗೂ ದಾರಿಗೊಡುತ್ತದೆ. ಅದು ಇನ್ನೆಷ್ಟು ಕಾಲ ಗಟ್ಟಿಯಾಗಿ ನಿಂತು ದಾರಿಗೊಟ್ಟೀತೆಂಬುದು ಮಾತ್ರ ಅಲ್ಲಿಯವರ ಕೈಯಲ್ಲಿಲ್ಲ; ಅಲ್ಲಿಗೆ ಎಂದೂ ಹೋಗದವರೂ ಸೇರಿ, ನಮ್ಮೆಲ್ಲರ ಕೈಯಲ್ಲಿದೆ.